ಗಡಿಯಾಚೆಯ ತಿಳಿನೀರು: ದೋಣಿ, ಮೊಸಳೆ, ಮೀನು

1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಂಗತಿ ನಮ್ಮ ಮನೆಮನೆಗೂ ಗೊತ್ತು. ಅದೇ ದಿನ ಹೈದರಾಬಾದು ರಾಜ್ಯ ಹರಿದು ಹಂಚಿದಾಗ, ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರದ ಪಾಲಾದುವೆಂಬುದನ್ನು ಬಲ್ಲವರು ಕಡಿಮೆ. 2014ರಿಂದ ಅವು ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಬೇರೆ ಭಾಷೆ ಎಂದು ಬಾಳುವ ಕುಟುಂಬಗಳು ಅಲ್ಲಿಯೂ ಇವೆ. ರಜೆಯಲ್ಲಿ ಅತ್ತ ಹೋಗುವ ಓದುಗರು ಆ ಸೀಮೆಯ ನೀರನ್ನೊಮ್ಮೆ ನೋಡಿ ಬರಬೇಕು.

ನೀರಿಗೆ ಗಡಿಯಿಲ್ಲ. ನಮ್ಮ ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ಸುಳ್ಯವನ್ನು ದಾಟಿ ಬರುವಂತೆಯೇ, ಜಹೀರಾಬಾದಿನ ಬಳಿಯ ಕೊಹೀರಿನ ಕಡೆ ಹುಟ್ಟುವ ಕಾರಂಜಾ ಹೊಳೆ ಬೀದರ ಜಿಲ್ಲೆಗೆ ಹೋಗಿ ಮಂಜೀರೆಯನ್ನು ಸೇರುತ್ತದೆ. ಮಂಜೀರೆ ಮತ್ತೆ ತೆಲಂಗಾಣಕ್ಕೆ ತಿರುಗಿ, ನಾರಾಯಣಖೇಡದ ಸೀಮೆಯನ್ನು ಹಾದು ಸಿಂಗೂರು ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ತಾಂಡೂರಿನ ಕಾಗ್ನಾ ನದಿ ಪಶ್ಚಿಮಕ್ಕೆ ಹರಿದು, ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ಎನಿಸಿ, ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಿನಿಂದ ಸಾಗಿ ಭೀಮೆಗೆ ಸೇರುತ್ತದೆ.

ಹುಟ್ಟು ಹಿಡಿದ ಹಳ್ಳಿಯ ಹುಡುಗರು

ಕಾಗ್ನಾಕ್ಕೆ ನೀರುಣಿಸುವ ಒಂದು ಹಳ್ಳಕ್ಕೆ 1960ರ ದಶಕದಲ್ಲಿ ಕಟ್ಟಿದ್ದು ಕೋಟ್‌ಪಲ್ಲಿ ಜಲಾಶಯ. ಗದ್ದೆಗೆ ನೀರು ಬಿಡುವುದಕ್ಕೆಂದೇ ಕಟ್ಟಿದ ಈ ಕೆರೆ ಕಳೆದ ದಶಕದಲ್ಲಿ ಹೈದರಾಬಾದಿನವರ ವಿಹಾರದ ತಾಣವಾಯಿತು. ಕಾರಣ, ಕಯಾಕ್. ಒಬ್ಬರೋ ಇಬ್ಬರೋ ಕಾಲು ಚಾಚಿ ಕುಳಿತುಕೊಳ್ಳುವ ಸಪೂರ ದೋಣಿ. ಎರಡೂ ತುದಿಗೆ ಹಲಗೆಯಿರುವ ಒಂದೇ ಹುಟ್ಟಿನಿಂದ ಎಡಬಲಕ್ಕೆ ನೀರು ತಳ್ಳುತ್ತಾ ಹೋಗಬೇಕು. ಉತ್ತರಧ್ರುವದ ಬೇಟೆಗಾರರು ಸೀಲಿನ ಚರ್ಮದಿಂದ ಮಾಡುತ್ತಿದ್ದ ದೋಣಿ ಇದು, ಈಗ ಪ್ಲಾಸ್ಟಿಕ್ಕಿನದು. ಯಂತ್ರವಿಲ್ಲ, ಸದ್ದಿಲ್ಲ, ಎಣ್ಣೆಯ ಹೊಲಸಿಲ್ಲ.

ನಾವು ಮೆಚ್ಚುವುದು ದೋಣಿಗಿಂತಲೂ ಅದನ್ನು ನಡೆಸಿದವರನ್ನು. ಸುತ್ತಲಿನ ಹಳ್ಳಿಯ ಯುವಕರೇ ತರಬೇತಿ ಪಡೆದು ಪ್ರವಾಸಿಗಳಿಗೆ ಜೀವರಕ್ಷಕ ಅಂಗಿ ತೊಡಿಸಿ ನೀರಿಗಿಳಿಸಿದರು. ಊರ ನೀರಿನಿಂದ ಊರವರಿಗೇ ನಾಲ್ಕು ಕಾಸು ಹುಟ್ಟಿತು. ಆದರೆ ನಿಂತ ನೀರು ನಿರಪಾಯವೆಂದು ತಿಳಿಯುವುದು ತಪ್ಪು. ಅಣೆಕಟ್ಟಿನ ಅಂಚು ಒಮ್ಮೆಲೇ ಆಳವಾಗುತ್ತದೆ, ತಳದಲ್ಲಿ ಕೆಸರಿರುತ್ತದೆ. ಈಜು ಬಲ್ಲವರೂ ರಕ್ಷಕ ಅಂಗಿಯಿಲ್ಲದೆ ಇಳಿಯಬಾರದು. ದೋಣಿ ಬಿಡಲು ಅನುಮತಿಯಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿನ ಮೊಸಳೆ ದೇವಸ್ಥಾನದ್ದಲ್ಲ

ಅನಂತಪುರದ ಬಬಿಯಾ 2022ರ ಅಕ್ಟೋಬರದಲ್ಲಿ ತೀರಿಕೊಂಡಾಗ ನಮ್ಮ ಜಿಲ್ಲೆಯೇ ಕಣ್ಣೀರಿಟ್ಟಿತು. ನೈವೇದ್ಯದ ಅನ್ನ ತಿನ್ನುವ ಸಾಧು ಮೊಸಳೆಯೆಂದು ಅದನ್ನು ಕಂಡ ನಾವು, ಮಂಜೀರೆಯ ಮೊಸಳೆಯನ್ನು ಅದೇ ಕಣ್ಣಿನಿಂದ ನೋಡಬಾರದು. ಸಿಂಗೂರಿನಿಂದ ಕೆಳಗೆ ಸಂಗಾರೆಡ್ಡಿಯ ಬಳಿಯ ಮಂಜೀರಾ ಅಣೆಕಟ್ಟಿನ ತನಕದ ನೀರು 1978ರಿಂದ ವನ್ಯಜೀವಿ ಧಾಮ. ಮೊಸಳೆಗಳು ಬೇಸಗೆಯ ಆರಂಭದಲ್ಲಿ ದಡದ ಮಣ್ಣು ಕೊರೆದು ಮೊಟ್ಟೆಯಿಡುತ್ತವೆ. ಮರಿಯಾಗಲು ಸುಮಾರು ಎರಡು ತಿಂಗಳು ಬೇಕು. ಆ ಕಾಲದಲ್ಲಿ ದಡ ತುಳಿದರೆ ಮೊಟ್ಟೆಗೂ ಕೇಡು, ತುಳಿದವನಿಗೂ ಕೇಡು.

ಚಳಿಗಾಲ ಹಕ್ಕಿಗಳ ಕಾಲ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು, ನಮ್ಮ ಕವಿಗಳ ಚಕ್ರವಾಕ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ ಇವುಗಳನ್ನು ದಡದಲ್ಲಿ ನಿಂತು ದುರ್ಬೀನಿನಿಂದ ನೋಡಬಹುದು. ಹತ್ತಿರ ಹೋದಷ್ಟೂ ಅವು ದೂರ.

ಮೀನು ಯಾರದು?

ಗಾಳ ಹಾಕುವ ಚಟ ನಮ್ಮ ಹೊಳೆಬದಿಯವರಿಗೆ ಹೊಸತಲ್ಲ. ಆದರೆ ಅಲ್ಲಿನ ಜಲಾಶಯಗಳ ಮೀನು ಬೆಸ್ತರ ಸಹಕಾರಿ ಸಂಘಗಳ ಅನ್ನ. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು, ಬೆಳೆಯುವ ತನಕ ಕಾದು ಬಲೆ ಬೀಸುವವರು ಅವರು. ಹಾವಿನ ತಲೆಯ ಕೊರಮೀನು ತೆಲಂಗಾಣದ ರಾಜ್ಯಮೀನು. ಸಂಘದವರನ್ನು ಕೇಳದೆ ಗಾಳ ಇಳಿಸುವುದು ಇನ್ನೊಬ್ಬರ ತೋಟದ ತೆಂಗಿನಕಾಯಿ ಕಿತ್ತಂತೆ. ಧಾಮದ ಒಳಗಂತೂ ಅನುಮತಿಯಿಲ್ಲದೆ ಮೀನು ಹಿಡಿಯುವಂತಿಲ್ಲ.

ನೀರೇ ಇಲ್ಲದಿದ್ದರೆ ಇದಾವುದೂ ಇಲ್ಲ. ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟ ಸಿಂಗೂರು 2016ರ ಬೇಸಗೆಯಲ್ಲಿ ಬತ್ತಿತ್ತು. ಅದೇ ವರ್ಷದ ಮಳೆಗೆ ಮತ್ತೆ ತುಂಬಿತು. ಬರ ಬಂದಾಗ ವಿಹಾರಿಗೆ ಹೋಗುವುದು ಒಂದು ರಜೆ. ಬೆಸ್ತನಿಗೆ ಹೋಗುವುದು ವರ್ಷದ ದುಡಿಮೆ.

ಇನ್ನೊಂದು ಮಾತು. ಬೀದರ, ಕಲಬುರಗಿಗಳು ಈ ನೀರಿಗೆ ಹತ್ತಿರದಲ್ಲಿವೆ. ಸುತ್ತಲೇ ಕನ್ನಡದ ಮನೆಗಳಿವೆ. ಆಳವೆಲ್ಲಿ, ಮೊಸಳೆಯೆಲ್ಲಿ ಎಂಬ ಎಚ್ಚರಿಕೆಯ ಫಲಕ ತೆಲುಗಿನ ಜತೆಗೆ ಕನ್ನಡದಲ್ಲಿಯೂ ಇರಬೇಕು. ಇದು ಅಭಿಮಾನದ ಬೇಡಿಕೆಯಲ್ಲ. ನೀರಿಗಿಳಿಯುವ ಮಗುವಿಗೆ ಓದಲು ಬರುವ ಅಕ್ಷರದಲ್ಲಿ ಅಪಾಯವನ್ನು ತಿಳಿಸಬೇಕೆಂಬುದಷ್ಟೇ. ಫಲಕದ ಭಾಷೆಯ ಬೆಲೆ ಏನೆಂದು ಕಾಸರಗೋಡಿನ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.