ಕಸಿದುಕೊಳ್ಳಲಾಗದ ಆಸ್ತಿ

ಸರ್ವರಿಗೂ ಶಿಕ್ಷಣವೆಂಬುದು ಸರಕಾರಕ್ಕೆ ಖರ್ಚೋ, ಹೂಡಿಕೆಯೋ? 1946-47ರಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತ ಸರಕಾರದ ಆಹಾರ ಹಾಗೂ ಆರ್ಥಿಕ ಸಲಹೆಗಾರರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು ಹೂಡಿಕೆಯೆಂದೇ ವಾದಿಸಿದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು, 1969ರಿಂದ 1971ರವರೆಗೆ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಅವರ ದೃಷ್ಟಿಯಲ್ಲಿ ಜನರೇ ದೇಶದ ಮೂಲ ಬಂಡವಾಳ. ಅವರು ನಿಧನರಾದದ್ದು 1991ರಲ್ಲಿ; 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ನೀಡುವ ಕಾಯಿದೆ ಜಾರಿಗೆ ಬಂದದ್ದು 2010ರಲ್ಲಿ.

ನವಮಂಗಳೂರು ಬಂದರಿಗಾಗಿ ಪಣಂಬೂರಿನ ಮನೆಮಾರು ತೊರೆದ ಕುಟುಂಬಗಳು ನೆಲೆ ಕಂಡ ಕಾಟಿಪಳ್ಳದಲ್ಲಿ ಈ ವಾದಕ್ಕೆ ವಿಶೇಷ ಅರ್ಥವಿದೆ. ಭೂಮಿಯನ್ನು ಸರಕಾರ ವಶಪಡಿಸಿಕೊಳ್ಳಬಹುದು, ಕಲಿತ ವಿದ್ಯೆಯನ್ನು ಯಾರೂ ಕಸಿಯಲಾರರು. ಆದರೆ ಕಾಯಿದೆಯ ರಕ್ಷಣೆ ಹದಿನಾಲ್ಕಕ್ಕೇ ಮುಗಿಯುತ್ತದೆ. ಅನಂತರವೂ ಮಗುವನ್ನು ದುಡಿಮೆಗೆ ದೂಡದೆ ತರಗತಿಯಲ್ಲಿ ಉಳಿಸುವ ಹೊಣೆ ನಮ್ಮದು. ನೆರೆಯಲ್ಲಿ ಶಾಲೆ ಬಿಟ್ಟ ಮಗುವಿದ್ದರೆ, ಈ ವಾರವೇ ಆ ಮನೆಗೆ ಹೋಗಿ ವಿಚಾರಿಸೋಣ.