ಮೂಳೆಗಳಲ್ಲಿ ಸೀಸದ ಸಂಗ್ರಹ

ಸೀಸವು ಮಾನವದೇಹಕ್ಕೆ ಯಾವ ಉಪಯೋಗವೂ ಇಲ್ಲದ ವಿಷಕಾರಿ ಭಾರಲೋಹ. ಗಾಳಿ, ನೀರು ಅಥವಾ ಆಹಾರದ ಮೂಲಕ ಒಳಸೇರಿದ ಸೀಸವನ್ನು ದೇಹವು ಕ್ಯಾಲ್ಸಿಯಂನಂತೆಯೇ ಮೂಳೆಗಳಲ್ಲಿ ಶೇಖರಿಸುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದ ಶೇ. 90ಕ್ಕೂ ಹೆಚ್ಚು ಭಾಗ ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿದರೆ, ಮೂಳೆಯಲ್ಲಿರುವುದು ದಶಕಗಳ ಕಾಲ ಉಳಿಯುತ್ತದೆ.

ಈ ಹಳೆಯ ಸಂಗ್ರಹವು ಮುಪ್ಪಿನಲ್ಲಿ ಮತ್ತೆ ಹೊರಬರುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಮೂಳೆಯ ಸವೆತ ಹೆಚ್ಚಾದಂತೆ ಸೀಸ ಪುನಃ ರಕ್ತಕ್ಕೆ ಸೇರುತ್ತದೆ. ಅಧಿಕ ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ದೌರ್ಬಲ್ಯ ಇವುಗಳ ಸಂಭವವನ್ನು ಸೀಸ ಹೆಚ್ಚಿಸುತ್ತದೆ. ಇವನ್ನು ಬರಿಯ ವಯಸ್ಸಿನ ಕಾಯಿಲೆಗಳೆಂದು ಕಡೆಗಣಿಸುವುದೇ ರೂಢಿ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ. ಅದಕ್ಕೆ ಮುನ್ನ ನಗರಗಳ ಹೊಗೆಯಲ್ಲಿ ಬೆಳೆದ ಅನೇಕರು ಈಗ ಆ ವಯಸ್ಸನ್ನು ತಲುಪಿದ್ದಾರೆ.

ತಡೆಗಟ್ಟುವಿಕೆ

ಹಸಿದ ಹೊಟ್ಟೆಯಲ್ಲಿ ಕರುಳು ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಕೊರತೆಯಿದ್ದರೂ ಹಾಗೆಯೇ. ರಾಗಿ, ಹಾಲು, ಮೊಸರು, ಎಳ್ಳು ಕ್ಯಾಲ್ಸಿಯಂ ಒದಗಿಸುತ್ತವೆ. ಕಾಳುಗಳಲ್ಲಿ ಕಬ್ಬಿಣವಿದ್ದು, ಜೊತೆಗೆ ನಿಂಬೆರಸವಿದ್ದರೆ ಅದು ಚೆನ್ನಾಗಿ ದೇಹಗತವಾಗುತ್ತದೆ. ಆದರೆ ಮೂಳೆಯಲ್ಲಿ ಈಗಾಗಲೇ ನೆಲೆಸಿದ ಸೀಸವನ್ನು ಯಾವ ಆಹಾರವೂ ತೊಳೆದುಹಾಕದು. ಆದ್ದರಿಂದ ಮೂಲವನ್ನೇ ತಡೆಯುವುದು ಮುಖ್ಯ. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆಯುವುದು, ಮನೆಯ ಬಳಿ ಬ್ಯಾಟರಿ ಒಡೆಯುವುದು, ಹೊಳಪಿಗಾಗಿ ಲೆಡ್ ಕ್ರೋಮೇಟ್ ಬೆರೆಸಿದ ಅರಿಸಿನ ಪುಡಿ ಇಂದಿಗೂ ಅಪಾಯದ ಮೂಲಗಳು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಭಾರತದ ನಿಯಮ 2017ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಿಂದೆ ಬಳಿದ ಗೋಡೆ, ಕಿಟಕಿಗಳಿಗೆ ಅದು ಅನ್ವಯಿಸುವುದಿಲ್ಲ.