ಚಹಾದೊಳಗೆ ಚಾಕೊಲೇಟ್ ಬಂದ ದಾರಿ

1685ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ವರ್ತಕ ಫಿಲಿಪ್ ಸಿಲ್ವೆಸ್ತ್ರ್ ದ್ಯುಫೂರ್ ಕಾಫಿ, ಚಹಾ, ಚಾಕೊಲೇಟ್ ಮೂರನ್ನೂ ಸೇರಿಸಿ ಒಂದೇ ಪುಸ್ತಕ ಹೊರತಂದ. ಅದರ ಆರಂಭದ ಚಿತ್ರದಲ್ಲಿ ಒಬ್ಬ ತುರ್ಕಿಯವ, ಒಬ್ಬ ಚೀನಾದವ, ಒಬ್ಬ ಅಮೆರಿಕದ ಮೂಲನಿವಾಸಿ ಜೊತೆಗಿದ್ದಾರೆ. ಒಬ್ಬೊಬ್ಬರ ಬಳಿಯೂ ಅವರವರ ನಾಡಿನ ಪಾನೀಯ. ಲಂಡನ್ನಿನಲ್ಲೂ ಅದೇ ಕಾಲದ ಕತೆ. ಅಲ್ಲಿನ ಪತ್ರಿಕೆಯಲ್ಲಿ ಚಾಕೊಲೇಟ್ ಮಾರಾಟದ ಜಾಹೀರಾತು ಬಂದದ್ದು 1657ರಲ್ಲಿ. ಮರುವರ್ಷದ ಸೆಪ್ಟೆಂಬರಿನಲ್ಲೇ ಚಹಾದ ಜಾಹೀರಾತು ಬಂತು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ತಾನು ಚಹಾ ಕುಡಿದದ್ದನ್ನು ಬರೆದಿಟ್ಟಿದ್ದು 1660ರಲ್ಲಿ. ಒಂದೇ ಊರಿನ ಅಂಗಡಿಗಳಿಗೆ ಒಂದೇ ಹೊತ್ತಿಗೆ ಬಂದಿಳಿದ ಈ ಎರಡು ಸರಕು ಒಂದೇ ಬಟ್ಟಲಿನಲ್ಲಿ ಸೇರಲು ಮಾತ್ರ ಬಹಳ ಕಾಲ ಹಿಡಿಯಿತು. ಚಹಾ ಅಂಗಡಿಯ ಕಪಾಟಿನಲ್ಲಿ ಚಾಕೊಲೇಟ್ ಚಹಾ ಮಾಮೂಲಿ ಸರಕಾದದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ.

ಇಷ್ಟು ತಡವಾಗಲು ದೊಡ್ಡ ಕಾರಣ ಜಿಡ್ಡು. ಕೊಕ್ಕೊ ಬೀಜದ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇದೆ. ಮಾಯಾ ಮತ್ತು ಆಜ್ಟೆಕ್ ಜನ ಅದನ್ನು ನೀರಿನಲ್ಲೇ ಕುಡಿಯುತ್ತಿದ್ದರು ನಿಜ. ಆದರೆ ಅದಕ್ಕೆ ಮೆಕ್ಕೆಜೋಳದ ಹಿಟ್ಟು ಸೇರಿಸಿ ಗಟ್ಟಿ ಮಾಡಿ, ಮೆಣಸಿನಕಾಯಿ ಹಾಕಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರು. ಗಂಜಿಯಂಥ ಆ ದ್ರವದಲ್ಲಿ ಕೊಬ್ಬು ಹಿಡಿದು ನಿಲ್ಲುತ್ತದೆ. ತಿಳಿಯಾದ ಚಹಾದಲ್ಲಿ ಅದಕ್ಕೆ ನೆಲೆಯಿಲ್ಲ. ಚಾಕೊಲೇಟ್ ತುಂಡನ್ನು ಬಿಸಿ ಚಹಾಕ್ಕೆ ಹಾಕಿ ನೋಡಿದರೆ ಗೊತ್ತಾಗುತ್ತದೆ: ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ, ತಳದಲ್ಲಿ ಮಡ್ಡಿ ಕೂರುತ್ತದೆ, ನಡುವಿನ ಚಹಾ ಎರಡರಿಂದಲೂ ದೂರ ಉಳಿಯುತ್ತದೆ. 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟನ್ ಗಾಣದಂಥ ಒತ್ತುಯಂತ್ರದಿಂದ ಕೊಬ್ಬನ್ನು ಹಿಂಡಿ ತೆಗೆಯುವ ದಾರಿ ಕಂಡುಕೊಂಡ ಮೇಲೆ ಕೊಕ್ಕೊ ಪುಡಿ ಹುಟ್ಟಿತು. ಅದು ಹಾಲಿಗೆ ಒಗ್ಗಿತು, ಚಹಾಕ್ಕೆ ಒಗ್ಗಲಿಲ್ಲ.

ಅಂಗಡಿಗಳು ಮಾತ್ರ ಎರಡನ್ನೂ ಅಕ್ಕಪಕ್ಕದಲ್ಲೇ ಇಟ್ಟುಕೊಂಡಿದ್ದವು. ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ತೆರೆದದ್ದು ಚಾಕೊಲೇಟ್ ಕಾರ್ಖಾನೆಯಲ್ಲ. ಚಹಾ, ಕಾಫಿ ಮತ್ತು ಕುಡಿಯುವ ಚಾಕೊಲೇಟ್ ಮಾರುವ ದಿನಸಿ ಅಂಗಡಿ. ಈ ಅಂಗಡಿಯ ಹೆಸರು ನಮ್ಮ ಅಡಿಕೆ ತೋಟಗಳವರೆಗೂ ಬಂದದ್ದು ಆಮೇಲಿನ ಮಾತು.

ಚಾಕೊಲೇಟನ್ನು ಚಹಾದ ಹಾಗೆ, ನೀರಿನಲ್ಲಿ ಕುದಿಸಿ ಸೋಸಿ ಕುಡಿದವರು ಬೇರೆಯೇ ಇದ್ದರು. ಅವರ ಬಳಿ ಇದ್ದದ್ದು ತಿರುಳಲ್ಲ, ಸಿಪ್ಪೆ. ಕೊಕ್ಕೊ ಬೀಜವನ್ನು ಹುರಿದು, ಒಡೆದು, ಕೇರಿದಾಗ ತೆಳ್ಳನೆಯ ಕಂದು ಹೊಟ್ಟು ಹಾರುತ್ತದೆ. ಬೀಜದ ತೂಕದಲ್ಲಿ ಶೇ 10ರಿಂದ 15ರಷ್ಟು ಇದೇ. ಅದರಲ್ಲಿ ಕೊಬ್ಬು ಕಡಿಮೆ, ಘಮ ಧಾರಾಳ. ಚಾಕೊಲೇಟ್ ಕೊಳ್ಳಲಾಗದ ಐರ್ಲೆಂಡಿನ ಬಡವರು ಈ ಸಿಪ್ಪೆಯನ್ನು ಕುದಿಸಿ ಕುಡಿದರು. ಯುದ್ಧಕಾಲದ ಜರ್ಮನಿಯಲ್ಲಿ ಅಸಲಿ ಚಹಾ, ಕಾಫಿ ಸಿಗದಾಗ ಜನ ಹಿಡಿದ ದಾರಿಯೂ ಇದೇ. ಆದರೆ ಇದನ್ನು ಬರೀ ಬಡತನದ ಪೇಯ ಅನ್ನುವಂತಿಲ್ಲ. ಅಮೆರಿಕದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ 1794ರಲ್ಲಿ ಬರೆದ ಪತ್ರವೊಂದರಲ್ಲಿ ಅವನ ಬಂಧುವೊಬ್ಬ ತನ್ನ ಹೆಂಡತಿಗಾಗಿ ಚಾಕೊಲೇಟ್ ಸಿಪ್ಪೆ ತರಿಸಿಕೊಡಲು ಕೇಳಿದ್ದಾನೆ. ಬೆಳಗಿನ ಹೊತ್ತಿಗೆ ಆಕೆಯ ಮೈಗೆ ಅದೇ ಹೆಚ್ಚು ಹಿಡಿಸುತ್ತಿತ್ತಂತೆ. ದೊಡ್ಡ ಮನೆಯ ಒಡತಿ ಮನಸ್ಸಾರೆ ಆರಿಸಿಕೊಂಡ ಪಾನೀಯ ಅದು. ಚಾಕೊಲೇಟ್ ಚಹಾದ ವಂಶವೃಕ್ಷ ಬರೆಯುವುದಾದರೆ ನಾನು ಬುಡದಲ್ಲಿ ಬರೆಯುವುದು ಈ ಸಿಪ್ಪೆಯ ಕಷಾಯವನ್ನೇ.

ಇನ್ನೊಂದು ಕವಲು ಚೀನಾದ್ದು. ಚಹಾ ಎಲೆ ಸುತ್ತಮುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ನಮಗೆ ತೊಂದರೆ ಕೊಡುವ ಆ ಗುಣವನ್ನೇ ಫುಝೌ ನಗರದ ಕುಶಲಕರ್ಮಿಗಳು ವಿದ್ಯೆಯಾಗಿಸಿಕೊಂಡರು. ಸಂಜೆ ಅರಳುವ ಮಲ್ಲಿಗೆಯನ್ನು ಎಲೆಯೊಂದಿಗೆ ರಾಶಿ ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೂವನ್ನು ಬೇರೆ ಮಾಡುವುದು. ಮತ್ತೆ ಹೊಸ ಹೂವು, ಮತ್ತೆ ರಾತ್ರಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನವರು ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಎಣ್ಣೆಯನ್ನು ಚಹಾಕ್ಕೆ ಲೇಪಿಸಿದರು. ಅದೇ ಅರ್ಲ್ ಗ್ರೇ. ಇತ್ತ ಜರ್ಮನಿಯ ಟೀಮನ್ ಮತ್ತು ಹಾರ್ಮನ್ 1874ರಲ್ಲಿ ವೆನಿಲಾದ ಸುವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ, ಯಾವ ಪರಿಮಳವನ್ನಾದರೂ ಸೀಸೆಯಲ್ಲಿ ತುಂಬಿಡುವ ಉದ್ಯಮಕ್ಕೆ ದಾರಿಯಾಯಿತು. ಚಾಕೊಲೇಟಿನ ಜಿಡ್ಡನ್ನು ಅಲ್ಲೇ ಬಿಟ್ಟು ಘಮವನ್ನಷ್ಟೇ ಎಲೆಗೆ ಹಚ್ಚುವುದು ಸಾಧ್ಯವಾದದ್ದು ಹೀಗೆ.

ಇದಕ್ಕೆ ಶೋಭೆ ತಂದವರು ಪ್ಯಾರಿಸಿನವರು. ಮಾರಿಯಾಜ್ ಫ್ರೇರ್ ಎಂಬ ಚಹಾ ಮನೆ ಶುರುವಾದದ್ದು 1854ರಲ್ಲಿ, ಸಗಟು ವ್ಯಾಪಾರಕ್ಕಾಗಿ. 1980ರ ದಶಕದಲ್ಲಿ ಥಾಯ್ಲೆಂಡಿನ ಕಿಟ್ಟಿ ಚಾ ಸಂಗ್ಮನಿ ಮತ್ತು ರಿಚರ್ಡ್ ಬ್ಯೂನೊ ಅದನ್ನು ಜನ ಕೂತು ಚಹಾ ಸವಿಯುವ ಮನೆಯಾಗಿ ಬದಲಿಸಿದರು. ಅವರ ‘ವೆಡ್ಡಿಂಗ್ ಇಂಪೀರಿಯಲ್’ ಈಗ ಜಗತ್ತಿನ ಚಹಾಪ್ರಿಯರಿಗೆಲ್ಲ ಗೊತ್ತು: ಅಸ್ಸಾಮಿನ ಚಿನ್ನದ ತುದಿಯ ಎಲೆ, ಅದರ ಮೇಲೆ ಚಾಕೊಲೇಟ್ ಮತ್ತು ಕ್ಯಾರಮೆಲ್ ಘಮ. ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಹಾರ್ನಿ ಅಂಡ್ ಸನ್ಸ್ ಚಾಕೊಲೇಟ್ ಜೊತೆಗೆ ಹೇಜಲ್‌ನಟ್ ಸೇರಿಸಿದ ‘ಫ್ಲಾರೆನ್ಸ್’ ಚಹಾ ತಯಾರಿಸುತ್ತದೆ. ಆ ಜೋಡಿಯ ತವರು ಇಟಲಿಯೇ, ಆದರೆ ಫ್ಲಾರೆನ್ಸ್ ಅಲ್ಲ, ಟ್ಯೂರಿನ್.

ಇವೆರಡಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೂರನೆಯದು. 1969ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಯೋಗ ಕಲಿಸಲು ತೊಡಗಿದ ಹರ್ಭಜನ್ ಸಿಂಗ್ ಯೋಗಿ ತಮ್ಮ ಶಿಷ್ಯರಿಗೆ ಶುಂಠಿ, ಏಲಕ್ಕಿ, ದಾಲ್ಚಿನ್ನಿ, ಲವಂಗ, ಕಾಳುಮೆಣಸು ಕುದಿಸಿದ ಪೇಯ ಕೊಡುತ್ತಿದ್ದರು. ಅದರಿಂದ ಬೆಳೆದ ಯೋಗಿ ಟೀ ಕಂಪನಿ ಯುರೋಪಿನಲ್ಲಿ ‘ಚೊಕೊ’ ಎಂಬ ಬಗೆಯನ್ನು ಮಾರುತ್ತದೆ. ಅದರಲ್ಲಿ ಮಸಾಲೆಯ ಜೊತೆ ಇರುವುದು ಕೊಕ್ಕೊ ಸಿಪ್ಪೆ. ಯುದ್ಧಕಾಲದಲ್ಲಿ ಜರ್ಮನ್ನರು ಬೇರೆ ದಾರಿಯಿಲ್ಲದೆ ಕುಡಿದದ್ದು ಪಂಜಾಬಿನ ಮಸಾಲೆಯ ಜೊತೆ ಸೇರಿ ಅದೇ ನಾಡಿನ ಅಂಗಡಿಗಳಿಗೆ ಮರ್ಯಾದೆಯಿಂದ ಹಿಂದಿರುಗಿತು.

ಇನ್ನು ರುಚಿಯ ಮಾತು. ಹೋಲಿಸಿ ನೋಡುವುದಾದರೆ ಎಲ್ಲಕ್ಕೂ ಒಂದೇ ಅಳತೆ ಬೇಕು. ಚಹಾ ಪರೀಕ್ಷಕರಿಗೆಂದೇ ಅಂತರರಾಷ್ಟ್ರೀಯ ಮಾನಕವೊಂದಿದೆ: 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ, ಪಿಂಗಾಣಿ ಪಾತ್ರೆ. ನಾನು ಹಿಡಿದದ್ದೂ ಅದೇ ಕ್ರಮ. ಮೊದಲು ಒಣ ಎಲೆಯನ್ನು ಮೂಸುವುದು, ಆಮೇಲೆ ಬಿಸಿ ಚಹಾ ಹೀರುವುದು, ಕೊನೆಗೆ ಉಗುರುಬೆಚ್ಚಗಾದ ಮೇಲೆ ಮತ್ತೊಮ್ಮೆ. ಸುಳ್ಳು ಬಯಲಾಗುವುದು ಈ ಕೊನೆಯ ಗುಟುಕಿನಲ್ಲೇ.

ಎಸೆನ್ಸ್ ಸಿಂಪಡಿಸಿದ ಬಗೆಗಳಲ್ಲಿ ಪೊಟ್ಟಣ ಬಿಚ್ಚಿದ ಕೂಡಲೇ ಕೋಣೆಯೆಲ್ಲ ಚಾಕೊಲೇಟ್. ಬಟ್ಟಲಿಗೆ ಬಂದಾಗ ಆ ಘಮ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಮೂಗು ಚಾಕೊಲೇಟ್ ಎಂದಾಗ ನಾಲಗೆ ಸಿಹಿಗೂ ಕೊಬ್ಬಿಗೂ ಕಾದು ಕೂರುತ್ತದೆ; ಅದಕ್ಕೆ ಸಿಗುವುದು ಚಹಾದ ತೆಳು, ಒಗರು ನೀರು. ಚಹಾ ತಣಿದಂತೆ ವೆನಿಲಾದ ವಾಸನೆಯೊಂದೇ ಉಳಿಯುತ್ತದೆ. ಹಾಲು, ಸಕ್ಕರೆ ಹಾಕಿದರೆ ಈ ಚಹಾ ನಿಜಕ್ಕೂ ಸುಧಾರಿಸುತ್ತದೆ, ಯಾಕೆಂದರೆ ನಾಲಗೆ ಕಾಯುತ್ತಿದ್ದ ಎರಡೂ ಸಿಕ್ಕಂತಾಯಿತು. ಚಾಕೊಲೇಟ್ ಚೂರು ಬೆರೆಸಿದ ಬಗೆಗಳು ನನಗೆ ಸೇರಲಿಲ್ಲ. ಕೊಕ್ಕೊ ಕೊಬ್ಬು ಸುಮಾರು 34 ಡಿಗ್ರಿಯಲ್ಲಿ ಕರಗಿ ಮೇಲೆ ತೇಲುತ್ತದೆ, ಚಹಾ ಆರಿದಾಗ ಲೋಟದ ಅಂಚಿಗೆ ಮೆತ್ತಿಕೊಳ್ಳುತ್ತದೆ.

ಸಿಪ್ಪೆ ಬೆರೆಸಿದ ಚಹಾ ಮೊದಲ ಉಸಿರಿಗೆ ಸಪ್ಪೆ. ಎರಡನೆಯ, ಮೂರನೆಯ ಗುಟುಕಿಗೆ ಹುರಿದ ಬೀಜದ ವಾಸನೆ ಗಂಟಲಿನ ಕಡೆಯಿಂದ ಮೇಲಕ್ಕೇರುತ್ತದೆ. ಸಿಹಿಯ ಸುಳ್ಳು ಭರವಸೆ ಅದರಲ್ಲಿಲ್ಲ; ಹದವಾದ ಕಹಿ, ತುಸು ಹುಳಿ, ಒಣಹಣ್ಣಿನ ನೆನಪು. ಆರಿದ ಮೇಲೂ ಚೆನ್ನಾಗಿರುವುದು ಇದೇ.

ಎಲ್ಲಕ್ಕಿಂತ ಬೆರಗಿನದು ಚಾಕೊಲೇಟಿನ ಸೋಂಕೇ ಇಲ್ಲದ ಚಾಕೊಲೇಟ್ ಚಹಾ. ಚೀನಾ–ಜಪಾನ್ ಯುದ್ಧದಲ್ಲಿ ಪೂರ್ವದ ಚಹಾ ಸೀಮೆಗಳು ಕೈತಪ್ಪುತ್ತಿದ್ದಾಗ, 1938ರಲ್ಲಿ ಫೆಂಗ್ ಶಾವ್‌ಚ್ಯೂ ಎಂಬ ತಜ್ಞ ಯುನ್ನಾನ್ ಪ್ರಾಂತದ ಈಗಿನ ಫೆಂಗ್‌ಚಿಂಗ್‌ಗೆ ಹೋಗಿ, ಅಲ್ಲಿನ ದೊಡ್ಡೆಲೆಯ ಗಿಡಗಳಿಂದ ಕಪ್ಪು ಚಹಾ ತಯಾರಿಸಲು ಶುರುಮಾಡಿದ. ಅದೇ ಡ್ಯಾನ್‌ಹೊಂಗ್. ಹೊನ್ನಿನ ಬಣ್ಣದ ಚಿಗುರುಗಳ ಈ ಚಹಾವನ್ನು ಬರೀ ನೀರಿನಲ್ಲಿ ನೆನೆಸಿದರೂ ಕೊಕ್ಕೊ ಘಮ ಬರುತ್ತದೆ. ಒಳ್ಳೆಯ ಅಸ್ಸಾಂ ಎಲೆಯಲ್ಲೂ ಇದರ ಎಳೆ ಸಿಗುತ್ತದೆ. ಕಾರಣ ಸರಳವಾಗಿದೆ. ಅಮೈನೊ ಆಮ್ಲಗಳು ಸಕ್ಕರೆಯಂಥ ವಸ್ತುಗಳೊಂದಿಗೆ ಶಾಖದಲ್ಲಿ ಕೂಡಿದಾಗ ಹುಟ್ಟುವ ಸುವಾಸನೆಗಳು ಹುರಿದ ಕೊಕ್ಕೊದಲ್ಲೂ ಇವೆ, ಒಣಗಿಸಿದ ಕಪ್ಪು ಚಹಾದಲ್ಲೂ ಇವೆ. ಮೀಥೈಲ್‌ಬ್ಯೂಟನಾಲ್ ಎಂಬ ಮಾಲ್ಟಿನ ವಾಸನೆಯ ವಸ್ತು ಎರಡಕ್ಕೂ ಸಮಾನ. ಬೆಂಕಿಯಲ್ಲಿ ಹುರಿದ ಊಲಾಂಗ್ ಚಹಾದಲ್ಲಿ ಕೊಕ್ಕೊದ ಹಾಗೆಯೇ ಪೈರಜಿನ್‌ಗಳೂ ಸೇರುತ್ತವೆ. ಅಂದರೆ ಚಾಕೊಲೇಟ್ ಎಂದು ನಮ್ಮ ಮೂಗು ಗುರುತಿಸುವುದರಲ್ಲಿ ಹೆಚ್ಚಿನದು ಹುರಿಯುವ, ಒಣಗಿಸುವ ಕೆಲಸದ ಫಲ.

ಇದಕ್ಕೆ ತಿರುಗುಮುರುಗಿನ ಸಾಕ್ಷಿಯೂ ಇದೆ. ಗ್ವಾಂಗ್‌ಡಾಂಗ್ ಪ್ರಾಂತದ ನಾನ್‌ಕುನ್ ಬೆಟ್ಟದಲ್ಲಿ ಬೆಳೆಯುವ ಒಂದು ಕಾಡು ಚಹಾ ಗಿಡವನ್ನು ಸಸ್ಯವಿಜ್ಞಾನಿ ಝಾಂಗ್ ಹಾಂಗ್‌ಡಾ 1981ರಲ್ಲಿ ಹೊಸ ಪ್ರಭೇದವೆಂದು ದಾಖಲಿಸಿದರು. ಅದರ ಎಲೆಯಲ್ಲಿ ಕೆಫೀನ್ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ಇರುವುದು ಥಿಯೋಬ್ರೋಮಿನ್. ರಷ್ಯಾದ ವೊಸ್ಕ್ರೆಸೆನ್‌ಸ್ಕಿ 1841ರಲ್ಲಿ ಕೊಕ್ಕೊ ಬೀಜದಲ್ಲಿ ಕಂಡುಹಿಡಿದ ವಸ್ತು ಅದು. ಈ ಗಿಡಕ್ಕೆ ಬಂದ ಹೆಸರೂ ಕೊಕ್ಕೊ ಚಹಾ ಎಂದೇ. ಆದರೆ ಥಿಯೋಬ್ರೋಮಿನ್ ಕೊಡುವುದು ಕಹಿಯನ್ನು ಮಾತ್ರ, ಚಾಕೊಲೇಟಿನ ಘಮವನ್ನಲ್ಲ.

ಈಗ ಬರ್ಮಿಂಗ್‌ಹ್ಯಾಮಿನ ಅಂಗಡಿಯ ಮಾತಿಗೆ ಬರಬಹುದು. ಕ್ಯಾಡ್ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡೇಲ್‌ನಲ್ಲಿ ಕೊಕ್ಕೊ ಪ್ರಾತ್ಯಕ್ಷಿಕೆ ತೋಟ ಮಾಡಿತು. ಅಡಿಕೆ, ತೆಂಗಿನ ನೆರಳಿಗೆ ಒಗ್ಗುವ ಈ ಗಿಡ ಕೇರಳದಿಂದ ದಕ್ಷಿಣ ಕನ್ನಡದ ತೋಟಗಳಿಗೂ ಹಬ್ಬಿತು. 1979–80ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರೇ ಇಲ್ಲವಾದಾಗ ಕೃಷಿಕರ ಕೈಹಿಡಿದದ್ದು ಮಂಗಳೂರಿನ ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ್ದ ಆ ಸಹಕಾರ ಸಂಘ ಕೊಕ್ಕೊವನ್ನೂ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರರೇ ಒಡೆಯರಾದ ಇಂಥ ಕಾರ್ಖಾನೆಯ ಮಹತ್ವವನ್ನು ನಾವು ಇನ್ನೂ ಸಾಕಷ್ಟು ಹೇಳಿಕೊಂಡಿಲ್ಲ ಎಂದೇ ನನ್ನ ಭಾವನೆ.

ಕರಾವಳಿಯ ಮಳೆಯಲ್ಲಿ ಬೀಜ ಒಣಗಿಸುವುದು ಕಷ್ಟವಾದ್ದರಿಂದ ಬಹಳಷ್ಟು ಕೃಷಿಕರು ಹಣ್ಣು ಒಡೆದು ಹಸಿ ಬೀಜವನ್ನೇ ಮಾರುತ್ತಾರೆ. ಹುಳಿ ಬರಿಸುವುದು, ಒಣಗಿಸುವುದು, ಹುರಿಯುವುದು ಎಲ್ಲ ಬೇರೆಡೆ ನಡೆಯುತ್ತದೆ. ಹಾಗಾಗಿ ತೋಟದಲ್ಲೇ ಕೊಕ್ಕೊ ಇರುವ ಮನೆಯವರೂ ಅದರ ಸಿಪ್ಪೆಯ ಕಷಾಯದ ರುಚಿ ಕಂಡಿಲ್ಲ. ಈಚೆಗೆ ಬೀಜದಿಂದಲೇ ಚಾಕೊಲೇಟ್ ಮಾಡುವ ಸಣ್ಣ ಘಟಕಗಳು ಅಲ್ಲಲ್ಲಿ ಹುಟ್ಟಿವೆ. ಕೇರಿದ ಸಿಪ್ಪೆಯನ್ನು ಅವರು ಪೊಟ್ಟಣ ಮಾಡಿ ಮಾರಬೇಕು ಎಂಬುದು ನನ್ನ ಬೇಡಿಕೆ. ಒಂದು ಎಚ್ಚರವೂ ಬೇಕು. ಮಣ್ಣು, ಬೂಷ್ಟು, ಸೀಸ, ಕ್ಯಾಡ್ಮಿಯಂನಂಥವು ತಿರುಳಿಗಿಂತ ಸಿಪ್ಪೆಯಲ್ಲೇ ಹೆಚ್ಚು ಸೇರುತ್ತವೆ. ಆದ್ದರಿಂದ ಗೊಬ್ಬರಕ್ಕೆಂದು ಮಾರುವ ಸಿಪ್ಪೆ ಕುಡಿಯಲು ಸಲ್ಲದು. ಆಹಾರಕ್ಕೆಂದೇ ಶುಚಿ ಮಾಡಿ ಪರೀಕ್ಷಿಸಿದ್ದು ಬೇಕು.

ಚಹಾ ಕುದಿಸಿ ಕುಡಿಯುವ ನಮ್ಮ ಪದ್ಧತಿಗೆ ಈ ಸಿಪ್ಪೆ ಚೆನ್ನಾಗಿ ಹೊಂದುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಅದು ಬೇಗ ರಸ ಬಿಡುವುದಿಲ್ಲ, ಸಣ್ಣ ಉರಿಯಲ್ಲಿ ಸುಮಾರು 10 ನಿಮಿಷ ಕುದಿಯಬೇಕು. ಅಷ್ಟು ಹೊತ್ತು ಚಹಾಪುಡಿಯೂ ಕುದಿದರೆ ಒಗರು ಏರಿ ಎರಡೂ ಕೆಡುತ್ತವೆ. ಎರಡು ಲೋಟ ನೀರಿಗೆ ಎರಡು ದೊಡ್ಡ ಚಮಚ ಸಿಪ್ಪೆ ಹಾಕಿ ಕುದಿಸಿ, ನೀರು ಗಾಢ ಕಂದುಬಣ್ಣಕ್ಕೆ ತಿರುಗಿದ ಮೇಲೆ ಚಹಾಪುಡಿ ಹಾಕಿ, ಒಂದೆರಡು ನಿಮಿಷ ಬಿಟ್ಟು ಹಾಲು ಬೆರೆಸಿ ಸೋಸಬೇಕು. ಪುಡಿ ಎಂದಿಗಿಂತ ಸ್ವಲ್ಪ ಕಡಿಮೆಯಿರಲಿ. ಜಜ್ಜಿದ ಏಲಕ್ಕಿ ಒಂದು ಸಾಕು, ಶುಂಠಿ ಹಾಕಿದರೆ ಕೊಕ್ಕೊ ಅಡಗಿಹೋಗುತ್ತದೆ. ಬೆಲ್ಲ ಬೇಕೆನ್ನುವವರು ಒಲೆಯಿಂದ ಇಳಿಸಿದ ಮೇಲೆ ಹಾಕಿಕೊಳ್ಳಲಿ, ಹಾಲು ಒಡೆಯುವುದಿಲ್ಲ. ಸೋಸಿ ಉಳಿದ ಸಿಪ್ಪೆ ಗಿಡದ ಬುಡಕ್ಕೆ ಒಳ್ಳೆಯದು. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಅದರ ಬಾಯಿಗೆ ಸಿಗದಂತೆ ಮಣ್ಣಿನಡಿ ಆಳವಾಗಿ ಮುಚ್ಚಬೇಕು. ನಮಗೆ ಹಿತವಾದ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ.